ವಿಶೇಷ ಅಗತ್ಯವಿರುವ ಮಗುವಿಗೆ ತಕ್ಕ ಶಾಲೆ ಯಾವುದು?

ಮೇ ತಿಂಗಳು ಮುಗಿಯುತ್ತಾ ಬಂದಂತೆ ತೊಕ್ಕೊಟ್ಟಿನ ಅಂಗಡಿಗಳಲ್ಲಿ ಶಾಲೆಯ ಚೀಲ, ಕೊಡೆ, ರೈನ್‌ಕೋಟುಗಳ ವ್ಯಾಪಾರ ಜೋರಾಗುತ್ತದೆ. ಉಳ್ಳಾಲ, ಸೋಮೇಶ್ವರ, ಕೋಟೆಕಾರು, ತಲಪಾಡಿ ಕಡೆಯ ಹೆತ್ತವರಿಗೆ ಆಗ ಒಂದೇ ಚಿಂತೆ: ಮಗುವನ್ನು ಯಾವ ಶಾಲೆಗೆ ಸೇರಿಸುವುದು? ಹೆಚ್ಚಿನವರಿಗೆ ಇದು ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ, ಶುಲ್ಕ ಎಷ್ಟು, ವ್ಯಾನ್ ಮನೆಯವರೆಗೆ ಬರುತ್ತದೆಯೋ ಇಲ್ಲವೋ ಎಂಬಷ್ಟರ ಪ್ರಶ್ನೆ. ಆದರೆ ಕೆಲವು ಮನೆಗಳಲ್ಲಿ ಮಗುವಿಗೆ ಆರು ವರ್ಷ ತುಂಬುತ್ತಿದ್ದರೂ ಸರಿಯಾಗಿ ಮಾತು ಬಂದಿರುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಇಲ್ಲವೇ ಒಂದು ಕಾಲು ಎಳೆದು ನಡೆಯುತ್ತದೆ, ಪೆನ್ಸಿಲ್ ಹಿಡಿಯಲಾಗುವುದಿಲ್ಲ. ಅಂಗನವಾಡಿಯಲ್ಲಿ ಹೇಗೋ ಎರಡು ವರ್ಷ ಕಳೆಯಿತು. ಇನ್ನು ಒಂದನೇ ತರಗತಿ. ಅಂಥ ತಂದೆ ತಾಯಿಗಳಿಗಾಗಿ ಈ ವಾರದ ಅಂಕಣ.

ನೆಂಟರಿಷ್ಟರು ಹೇಳುವ ಸಮಾಧಾನದ ಮಾತೊಂದಿದೆ: “ಇವನ ಅಜ್ಜನೂ ತಡವಾಗಿಯೇ ಮಾತಾಡಿದ್ದು, ತಾನಾಗಿ ಸರಿಹೋಗುತ್ತದೆ.” ಕೆಲವು ಮಕ್ಕಳ ವಿಷಯದಲ್ಲಿ ಅದು ನಿಜವೂ ಆಗುತ್ತದೆ. ಆದರೆ ನಿಮ್ಮ ಮಗು ಆ ಕೆಲವರಲ್ಲಿ ಒಂದೇ ಎಂದು ಮನೆಯಲ್ಲಿ ಕುಳಿತು ತಿಳಿಯಲು ಸಾಧ್ಯವಿಲ್ಲ. ಉಳ್ಳಾಲದ ದರ್ಗಾಕ್ಕೋ ಸೋಮೇಶ್ವರದ ದೇವಸ್ಥಾನಕ್ಕೋ ಹರಕೆ ಹೇಳಿಕೊಳ್ಳಬೇಡಿ ಎಂದು ಯಾರೂ ಹೇಳುವುದಿಲ್ಲ. ಅದರ ಜೊತೆಗೆ ಆಸ್ಪತ್ರೆಯ ಚೀಟಿಯನ್ನೂ ಮಾಡಿಸಿ, ಅಷ್ಟೆ. ಏಕೆಂದರೆ ಆರು ವರ್ಷದವರೆಗಿನ ಕಾಲದಲ್ಲಿ ಮಗುವಿನ ಮಿದುಳು ಕಲಿಯುವ ವೇಗ ಅತಿ ಹೆಚ್ಚು. ಆಗ ಕಳೆದುಕೊಂಡ ಒಂದು ವರ್ಷವನ್ನು ಹತ್ತನೇ ವಯಸ್ಸಿನಲ್ಲಿ ತುಂಬಿಕೊಡಲು ಬಹಳ ಹೆಚ್ಚಿನ ಶ್ರಮ ಬೇಕಾಗುತ್ತದೆ.

ಶಾಲೆಗಿಂತ ಮೊದಲು ಕಿವಿ

ಶಾಲೆ ಹುಡುಕುವ ಮೊದಲು ತೊಂದರೆ ಏನೆಂದು ತಿಳಿಯಬೇಕು. ಮಾತು ಬಾರದ ಮಗುವಿಗೆ ಮೊಟ್ಟಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. “ಬಾಗಿಲು ಬಡಿದರೆ ತಿರುಗಿ ನೋಡುತ್ತಾನೆ, ಕಿವಿ ಚೆನ್ನಾಗಿಯೇ ಇದೆ” ಎಂದು ತಾಯಂದಿರು ಹೇಳುವುದುಂಟು. ದೊಡ್ಡ ಸದ್ದು ಕೇಳಿಸಿದರೂ ಮಾತಿನ ಸಣ್ಣ ಧ್ವನಿಗಳು ಕೇಳಿಸದಿರಬಹುದು. ಮಗು ನಿದ್ರೆಯಲ್ಲಿರುವಾಗ ತಲೆಗೆ ತಂತಿಗಳನ್ನು ಅಂಟಿಸಿ ಮಾಡುವ ಬೇರಾ ಎಂಬ ಪರೀಕ್ಷೆಯಿಂದ ಇದು ಸ್ಪಷ್ಟವಾಗುತ್ತದೆ, ನೋವಿರುವುದಿಲ್ಲ. ಕಿವುಡುತನವನ್ನು ಬುದ್ಧಿಮಾಂದ್ಯವೆಂದು ತಿಳಿದು ಮಗುವನ್ನು ತಪ್ಪು ಶಾಲೆಗೆ ಸೇರಿಸುವುದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ಕಣ್ಣಿನ ಪರೀಕ್ಷೆಯೂ ಆಗಲಿ. ಬೆಳವಣಿಗೆ ಕುಂಠಿತವಾಗಿದ್ದರೆ ಥೈರಾಯ್ಡ್ ಪರೀಕ್ಷೆಯನ್ನು ವೈದ್ಯರು ಹೇಳುತ್ತಾರೆ.

ಈ ವಿಷಯದಲ್ಲಿ ಉಳ್ಳಾಲದವರು ಅದೃಷ್ಟವಂತರು. ತಾಲೂಕಿನೊಳಗೇ, ದೇರಳಕಟ್ಟೆಯ ಸುತ್ತಮುತ್ತ, ಕೆ.ಎಸ್. ಹೆಗ್ಡೆ, ಯೆನೆಪೋಯ, ಕಣಚೂರು ಎಂಬ ಮೂರು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ನಿಟ್ಟೆ ಸಂಸ್ಥೆಯ ವಾಕ್ ಮತ್ತು ಶ್ರವಣ ಕಾಲೇಜೂ ಅಲ್ಲಿಯೇ ಇದೆ. ನೇತ್ರಾವತಿ ಸೇತುವೆ ದಾಟಿದರೆ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆ, ಹಂಪನಕಟ್ಟೆಯಲ್ಲಿ ಸರ್ಕಾರಿ ವೆನ್ಲಾಕ್ ಜಿಲ್ಲಾಸ್ಪತ್ರೆ. ರಾಜ್ಯದ ಎಷ್ಟೋ ತಾಲೂಕುಗಳ ಜನ ಇಂಥ ಪರೀಕ್ಷೆಗಳಿಗಾಗಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ರಾತ್ರಿ ಬಸ್ ಹಿಡಿಯಬೇಕು. ನಿಮಗೆ ಹೆಚ್ಚಿನ ಪರೀಕ್ಷೆಗಳು ಸಿಟಿ ಬಸ್ಸಿನ ದೂರದಲ್ಲಿಯೇ ಆಗುತ್ತವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನಾಚಿಕೆಯಿಂದ ಹಾಗೆ ಮಾಡುವ ಮನೆಗಳು ಇಂದಿಗೂ ಇವೆ.

ಯಾವ ಭಾಷೆಯಲ್ಲಿ ಪರೀಕ್ಷೆ?

ಮನೋವೈಜ್ಞಾನಿಕ ಪರೀಕ್ಷೆಯ ವರದಿ ಕೈಗೆ ಬಂದಾಗ ಹೆತ್ತವರ ಕಣ್ಣು ಮೊದಲು ಹೋಗುವುದು ಐ.ಕ್ಯೂ. ಎಂಬ ಅಂಕಿಯ ಮೇಲೆ. 50ರಿಂದ 69ರವರೆಗೆ ಸೌಮ್ಯ, 35ರಿಂದ 49 ಮಧ್ಯಮ, 20ರಿಂದ 34 ತೀವ್ರ, ಅದಕ್ಕಿಂತ ಕೆಳಗೆ ಅತಿ ತೀವ್ರ ಎಂದು ವಿಂಗಡಣೆ. ಈ ಅಂಕಿ ದೇಹದ ತೂಕದಂತೆ ಖಚಿತವಾದುದೆಂದು ಭಾವಿಸಬಾರದು. ಮಗು ಆ ದಿನ ಹೇಗಿತ್ತು, ನಿದ್ರೆ ಮಾಡಿತ್ತೇ, ಪರೀಕ್ಷಕರ ಮಾತು ಅದಕ್ಕೆ ತಿಳಿಯಿತೇ ಎಂಬುದರ ಮೇಲೆಲ್ಲ ಅದು ನಿಂತಿದೆ.

ಕೊನೆಯ ಮಾತು ನಮ್ಮ ಕರಾವಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಫ್ರಾನ್ಸಿನ ಬಿನೆ ಪರೀಕ್ಷೆಯಿಂದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಕನ್ನಡಕ್ಕೆ ಹೆಮ್ಮೆಯ ವಿಷಯ. ಆದರೆ ಉಳ್ಳಾಲದ ಮಗು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ, ಇಲ್ಲವೇ ತುಳು, ಕೊಂಕಣಿ. ತಲಪಾಡಿಯ ಗಡಿಯಲ್ಲಾದರೆ ಮಲಯಾಳ. ಕನ್ನಡವನ್ನು ಅದು ಕೇಳುವುದು ಅಂಗನವಾಡಿಯಲ್ಲಿ ಮತ್ತು ಟಿವಿಯಲ್ಲಿ. ಅಂಥ ಮಗುವಿಗೆ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದು ಅಂಕ ಕಡಿಮೆ ಕೊಟ್ಟರೆ ಅಳೆದದ್ದು ಬುದ್ಧಿಯನ್ನೋ ಭಾಷೆಯನ್ನೋ? ಆದ್ದರಿಂದ ಪರೀಕ್ಷೆಗೆ ಮುಂಚೆಯೇ “ನಮ್ಮ ಮನೆಮಾತು ಇದು, ಮಗುವಿಗೆ ಕನ್ನಡ ಇಷ್ಟು ಬರುತ್ತದೆ” ಎಂದು ತಜ್ಞರಿಗೆ ತಿಳಿಸಿ. ಮಾತಿನ ಅಗತ್ಯವಿಲ್ಲದ, ಕೈಯಿಂದ ಜೋಡಿಸುವ ಪರೀಕ್ಷೆಗಳೂ ಇವೆ. ಅವನ್ನೂ ಮಾಡಬಹುದೇ ಎಂದು ಕೇಳುವುದರಲ್ಲಿ ಉದ್ಧಟತನವೇನೂ ಇಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ತಪ್ಪು ಸಲಹೆಯ ಬಗ್ಗೆ ಹೇಳಲೇಬೇಕು. “ಮನೆಯಲ್ಲಿ ಮೂರು ಭಾಷೆ ಆಡುತ್ತೀರಿ, ಅದಕ್ಕೇ ಮಗುವಿಗೆ ಗೊಂದಲ, ಇನ್ನು ಇಂಗ್ಲಿಷ್ ಮಾತ್ರ ಆಡಿ” ಎಂದು ಕೆಲವರು ಹೇಳಿಬಿಡುತ್ತಾರೆ. ಆಟಿಸಂ ಇರುವ ಮಕ್ಕಳು, ಡೌನ್ ಸಿಂಡ್ರೋಮ್ ಇರುವ ಮಕ್ಕಳು ಎರಡು ಭಾಷೆಗಳ ನಡುವೆ ಬೆಳೆದರೆ ಅದರಿಂದಾಗಿ ಅವರ ಮಾತು ಇನ್ನಷ್ಟು ಹಿಂದೆ ಬೀಳುವುದಿಲ್ಲವೆಂದು ಕೆನಡಾ ಮೊದಲಾದ ದೇಶಗಳ ಅಧ್ಯಯನಗಳು ತೋರಿಸಿವೆ. ಇತ್ತ ತಾಯಿ ತನಗೆ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ “ಕಮ್, ಸಿಟ್, ಈಟ್” ಎಂದು ನಾಲ್ಕು ಶಬ್ದ ಆಡುತ್ತಾ ಹೋದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಅಜ್ಜಿಯ ಜೊತೆ, ಅಕ್ಕಪಕ್ಕದ ಮಕ್ಕಳ ಜೊತೆಗಿನ ಸಂಬಂಧವೂ ಕಡಿಯುತ್ತದೆ. ನಿಮಗೆ ಸಲೀಸಾದ ಭಾಷೆಯಲ್ಲಿಯೇ ಮಗುವಿನೊಡನೆ ಧಾರಾಳವಾಗಿ ಮಾತಾಡಿ. ಶಾಲೆಯ ಮಾಧ್ಯಮವನ್ನು ಆರಿಸುವಾಗಲೂ ಮನೆಗೆ, ಬೀದಿಗೆ ಹತ್ತಿರವಾದ ಭಾಷೆಯ ಶಾಲೆ ಇಂಥ ಮಗುವಿಗೆ ಸುಲಭ ಎಂಬುದು ನನ್ನ ಅಭಿಪ್ರಾಯ. ಕಲಿಯಲು ಕಷ್ಟಪಡುವ ಮಗುವಿನ ತಲೆಯ ಮೇಲೆ, ಅಣ್ಣನೂ ಅಲ್ಲಿಯೇ ಓದಿದನೆಂಬ ಕಾರಣಕ್ಕೆ, ಗೊತ್ತಿಲ್ಲದ ಭಾಷೆಯ ಹೊರೆಯನ್ನೂ ಹೊರಿಸಬೇಕೇ?

ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ?

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಬರುವ ಪ್ರಶ್ನೆ ಇದು. 1994ರಲ್ಲಿ ಸ್ಪೇನ್ ದೇಶದ ಸಲಮಾಂಕಾದಲ್ಲಿ ಯುನೆಸ್ಕೊ ನಡೆಸಿದ ಸಮ್ಮೇಳನ, ವಿಶೇಷ ಅಗತ್ಯವುಳ್ಳ ಮಕ್ಕಳೂ ಸಾಧ್ಯವಾದ ಮಟ್ಟಿಗೆ ಎಲ್ಲರೊಡನೆ ಸಾಮಾನ್ಯ ಶಾಲೆಯಲ್ಲಿಯೇ ಕಲಿಯಬೇಕೆಂದು ಸಾರಿತು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಅದೇ ದಾರಿ ಹಿಡಿದಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದರೆ ಹೊಸದರಲ್ಲಿ 21 ಇವೆ. ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳು ಸೇರಿದ್ದು ಆಗಲೇ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣೀಕರಿಸಲ್ಪಟ್ಟ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕನ್ನು ಈ ಕಾಯ್ದೆ ಕೊಟ್ಟಿದೆ. ಅಂದರೆ ಆಯ್ಕೆ ನಿಮ್ಮದು, ಶಾಲೆಯ ಮುಖ್ಯೋಪಾಧ್ಯಾಯರದ್ದಲ್ಲ.

ಆದರೂ “ಇಂಥ ಮಕ್ಕಳನ್ನು ನೋಡಿಕೊಳ್ಳುವವರು ನಮ್ಮಲ್ಲಿ ಇಲ್ಲ, ಬೇರೆ ಕಡೆ ನೋಡಿ” ಎಂಬ ಉತ್ತರ ಸಿಗುವುದು ಸಾಮಾನ್ಯ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ತಿರಸ್ಕರಿಸುವಂತಿಲ್ಲ. ಪ್ರವೇಶಕ್ಕಾಗಿ ಮಗುವನ್ನೋ ಹೆತ್ತವರನ್ನೋ ಪರೀಕ್ಷಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಬಾಯಿಮಾತಿನಲ್ಲಿ ಇಲ್ಲವೆಂದವರಿಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರ ಕೇಳಿ. ಎಷ್ಟೋ ಕಡೆ ಅಲ್ಲಿಗೇ ಧೋರಣೆ ಬದಲಾಗುತ್ತದೆ. ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗಿ. ಅದೇ ಕಚೇರಿಯ ವ್ಯಾಪ್ತಿಯಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರ ಪರಿಚಯ ಮಾಡಿಕೊಳ್ಳಿ. ಸಾಧನ ಸಲಕರಣೆ, ಪ್ರಯಾಣ ಭತ್ಯೆ, ಬೆಂಗಾವಲು ಭತ್ಯೆ, ಮನೆಗೇ ಬಂದು ಕಲಿಸುವ ವ್ಯವಸ್ಥೆ ಎಲ್ಲಕ್ಕೂ ದಾರಿ ತೋರಿಸುವವರು ಅವರೇ.

ಹಕ್ಕಿದೆ ಎಂದ ಮಾತ್ರಕ್ಕೆ ಪ್ರತಿಯೊಂದು ಮಗುವಿಗೂ ಸಾಮಾನ್ಯ ಶಾಲೆಯೇ ಸರಿ ಎಂದಾಗುವುದಿಲ್ಲ. ನಡೆಯಲು ತೊಂದರೆಯಿದ್ದು ಬುದ್ಧಿ ಚುರುಕಾಗಿರುವ ಸೆರೆಬ್ರಲ್ ಪಾಲ್ಸಿ ಮಗುವಿಗೆ ಬೇಕಾದದ್ದು ಇಳಿಜಾರು ದಾರಿ, ಹಿಡಿಕೆಯಿರುವ ಶೌಚಾಲಯ ಮತ್ತು ನೆಲ ಅಂತಸ್ತಿನ ತರಗತಿ. ಅದನ್ನು ಬುದ್ಧಿಮಾಂದ್ಯರ ಶಾಲೆಗೆ ಕಳಿಸುವುದು ಶುದ್ಧ ತಪ್ಪು. ಕಲಿಕಾ ನ್ಯೂನತೆಯ ಮಗುವೂ ಸಾಮಾನ್ಯ ಶಾಲೆಯಲ್ಲಿಯೇ ಇರಬೇಕು. ಓದು ಬರಹಕ್ಕೆ ಮಾತ್ರ ಬೇರೆ ನೆರವು ಬೇಕು. ಸೌಮ್ಯ ಬೌದ್ಧಿಕ ಕೊರತೆಯ ಮಗುವನ್ನು ಮೊದಲು ಊರಿನ ಶಾಲೆಗೇ ಸೇರಿಸಿ ನೋಡುವುದು ಒಳ್ಳೆಯದು. ಓರಗೆಯವರನ್ನು ನೋಡಿ ಕಲಿಯುವ ಸಾಲಿನಲ್ಲಿ ನಿಲ್ಲುವುದು, ಬಟ್ಟಲು ತೊಳೆಯುವುದು, ಆಟದ ನಿಯಮ ಮುಂತಾದವನ್ನು ಯಾವ ಥೆರಪಿಯೂ ಅಷ್ಟು ಚೆನ್ನಾಗಿ ಕಲಿಸದು.

ಆದರೆ ಇನ್ನೂ ತನಗೆ ಬೇಕಾದ್ದನ್ನು ತಿಳಿಸಲು ಬಾರದ, ಸದ್ದಿಗೆ ಕಿವಿ ಮುಚ್ಚಿ ಅರಚುವ, ಶೌಚದ ಅಭ್ಯಾಸವಾಗದ ಮಗುವನ್ನು ನಲವತ್ತು ಮಕ್ಕಳ ತರಗತಿಯಲ್ಲಿ ಕೊನೆಯ ಬೆಂಚಿನ ಮೇಲೆ ಕೂರಿಸಿದರೆ ಅದು ಶಿಕ್ಷಣವಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಅಷ್ಟೆ. ಅಂಥ ಮಗುವಿಗೆ ಎರಡು ಮೂರು ವರ್ಷ ಒಳ್ಳೆಯ ವಿಶೇಷ ಶಾಲೆ ಅಥವಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ತರಬೇತಿ ಕೊಟ್ಟು, ಅನಂತರ ಸಾಮಾನ್ಯ ಶಾಲೆಗೆ ಬದಲಿಸುವುದು ಎಷ್ಟೋ ಮೇಲು. ವಿಶೇಷ ಶಾಲೆಗೆ ಒಮ್ಮೆ ಹೋದ ಮಗು ಹಿಂದಿರುಗುವುದಿಲ್ಲ ಎಂಬ ಭಯ ಬೇಡ. ಹಿಂದಿರುಗಿಸುವ ಉದ್ದೇಶವುಳ್ಳ ಶಾಲೆಯನ್ನು ಆರಿಸುವುದು ಮುಖ್ಯ.

ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಅವಕಾಶವಿದೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರ ತಿದ್ದುಪಡಿ ಇದನ್ನು ಸೇರಿಸಿತು. ಆದರೆ ಬಸ್ಸಿಗೆ ಕರೆದೊಯ್ಯುವುದು ಕಷ್ಟವೆಂಬ ಒಂದೇ ಕಾರಣಕ್ಕೆ, ಹೊರಗೆ ಹೋಗಬಲ್ಲ ಮಗುವನ್ನು ಈ ಪಟ್ಟಿಗೆ ಸೇರಿಸಲು ಒಪ್ಪಬೇಡಿ.

ಸೇತುವೆಯ ಆಚೆಗಿನ ಶಾಲೆಗಳು

ಮಂಗಳೂರಿನಲ್ಲಿ ವಿಶೇಷ ಶಾಲೆಗಳಿಗೆ ಕೊರತೆಯಿಲ್ಲ. ಬೆಂದೂರಿನಲ್ಲಿ ಸಂತ ಆಗ್ನೆಸ್ ವಿಶೇಷ ಶಾಲೆ, ವಿ.ಟಿ. ರಸ್ತೆಯಲ್ಲಿ ಚೇತನಾ ಬಾಲ ವಿಕಾಸ ಕೇಂದ್ರ, ಶಕ್ತಿನಗರದಲ್ಲಿ ವಸತಿ ಸೌಕರ್ಯವಿರುವ ಸಾನಿಧ್ಯ, ವಾಮಂಜೂರಿನಲ್ಲಿ ಎಸ್‌ಡಿಎಂ ಮಂಗಳಜ್ಯೋತಿ ಸಮಗ್ರ ಶಾಲೆ, ಸುರತ್ಕಲ್‌ನಲ್ಲಿ ಲಯನ್ಸ್ ವಿಶೇಷ ಶಾಲೆ ಇವೆ. ದೃಷ್ಟಿ ಇಲ್ಲದ ಮಕ್ಕಳಿಗೆ ರೋಮನ್ ಆಂಡ್ ಕ್ಯಾಥರೀನ್ ಲೋಬೊ ಶಾಲೆ ಇದೆ. ಹೆಸರುಗಳನ್ನು ಓದಿ ಇದೇ ಉತ್ತಮ, ಅದು ಎರಡನೆಯದು ಎಂದು ತೂಗಲು ಹೋಗಬೇಡಿ. ಒಂದೊಂದು ಶಾಲೆಗೂ ತನ್ನದೇ ಆದ ಒಲವು, ಅನುಭವ ಇರುತ್ತದೆ. ನಿಮ್ಮ ಮಗುವಿನಂಥ ಎಷ್ಟು ಮಕ್ಕಳು ಅಲ್ಲಿದ್ದಾರೆ ಎಂಬುದು ಕೇಳಬೇಕಾದ ಮಾತು.

ಗಮನಿಸಿ: ಇವೆಲ್ಲ ನೇತ್ರಾವತಿಯ ಆಚೆ. ಉಳ್ಳಾಲದಿಂದ ಹೊರಟ ಮಗು ತೊಕ್ಕೊಟ್ಟಿನ ಗೋಜಲು, ಪಂಪ್‌ವೆಲ್‌ನ ವಾಹನ ದಟ್ಟಣೆ ದಾಟಿ ಹೋಗಬೇಕು. ಮಳೆಗಾಲದಲ್ಲಿ ಕೇಳುವುದೇ ಬೇಡ. ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದೂಕಾಲು ಗಂಟೆ ಪ್ರಯಾಣ ಮಾಡುವ ಆರು ವರ್ಷದ ಮಗುವಿಗೆ ಮನೆಯಲ್ಲಿ ಆಡಲು ಏನು ಉಳಿಯುತ್ತದೆ? ಮಗುವಿನ ಜೊತೆ ಹೋದ ತಾಯಿ ಶಾಲೆ ಬಿಡುವವರೆಗೆ ಅಲ್ಲೇ ಜಗಲಿಯಲ್ಲಿ ಕುಳಿತಿರಬೇಕಾಗುತ್ತದೆ. ಅಂಗವಿಕಲರ ರಿಯಾಯಿತಿ ಪಾಸು ಕೊಡುವುದು ಕೆಎಸ್ಆರ್‌ಟಿಸಿ. ನಮ್ಮ ಕಡೆ ಓಡುವ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರದ್ದು, ಅವುಗಳಲ್ಲಿ ಆ ಪಾಸು ನಡೆಯುವುದಿಲ್ಲ. ಹೀಗಾಗಿ ತಿಂಗಳಿಗೆ ಬಸ್ಸಿಗೆ, ರಿಕ್ಷಾಕ್ಕೆ ಎಷ್ಟು ಹೋಗುತ್ತದೆಂದು ಸೇರಿಸುವ ಮುಂಚೆಯೇ ಲೆಕ್ಕ ಹಾಕಿ. ಶಾಲೆಯ ವಾಹನ ತೊಕ್ಕೊಟ್ಟಿನವರೆಗಾದರೂ ಬರುತ್ತದೆಯೇ ಕೇಳಿ. ಅತ್ಯುತ್ತಮ ಶಾಲೆಗೆ ವಾರದಲ್ಲಿ ಎರಡು ದಿನ ತಪ್ಪಿಸಿಕೊಳ್ಳುವುದಕ್ಕಿಂತ, ಸಾಧಾರಣ ಶಾಲೆಗೆ ದಿನವೂ ಹೋಗುವುದು ಮಗುವಿಗೆ ಹಿತ.

ನೋಡಲು ಹೋದಾಗ

ಶಾಲೆಯ ವಾರ್ಷಿಕೋತ್ಸವದ ದಿನ ಹೋಗಬೇಡಿ. ಅಂದು ಎಲ್ಲವೂ ಚಂದ. ಸಾಮಾನ್ಯ ದಿನ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ಮೊದಲೇ ಹೇಳಿ ಒಪ್ಪಿಗೆ ಪಡೆದು, ಹೋಗಿ ಒಂದು ಗಂಟೆ ಕುಳಿತು ನೋಡಿ. ಮಕ್ಕಳು ಏನಾದರೂ ಮಾಡುತ್ತಿದ್ದಾರೋ ಸುಮ್ಮನೆ ಕುಳಿತಿದ್ದಾರೋ? ಅತ್ತ ಮಗುವನ್ನು ಹೇಗೆ ಸಮಾಧಾನಪಡಿಸುತ್ತಾರೆ? ಹೊಡೆಯುವುದಿರಲಿ, ಗದರಿಸುವ ಧ್ವನಿಯೂ ನಿಮಗೆ ತಿಳಿಯುತ್ತದೆ. ಶೌಚಾಲಯ ನೋಡಿ ಬನ್ನಿ. ಶಾಲೆಯ ಬಗ್ಗೆ ಅದು ಹೇಳುವಷ್ಟನ್ನು ಕಚೇರಿಯ ಗೋಡೆಯ ಫೋಟೊಗಳು ಹೇಳುವುದಿಲ್ಲ.

ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. 1992ರ ಕಾಯ್ದೆಯಡಿ ಸ್ಥಾಪಿತವಾದ ಈ ಪರಿಷತ್ತು ವಿಶೇಷ ಶಿಕ್ಷಕರಿಗೂ ವಾಕ್ ಚಿಕಿತ್ಸಕರಿಗೂ ನೋಂದಣಿ ಸಂಖ್ಯೆ ಕೊಡುತ್ತದೆ. ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು? ಬೌದ್ಧಿಕ ಕೊರತೆ, ಆಟಿಸಂ, ಕಲಿಕಾ ನ್ಯೂನತೆಯ ಮಕ್ಕಳ ವಿಶೇಷ ಶಾಲೆಯಲ್ಲಿ ಐವರಿಗೆ ಒಬ್ಬರು, ಸೆರೆಬ್ರಲ್ ಪಾಲ್ಸಿಯಾದರೆ ಎಂಟು ಮಕ್ಕಳಿಗೆ ಒಬ್ಬರು ಎಂಬ ಪ್ರಮಾಣವನ್ನು ಸುಪ್ರೀಂ ಕೋರ್ಟ್ 2021ರ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಎಲ್ಲೆಡೆ ಅಷ್ಟು ಶಿಕ್ಷಕರಿಲ್ಲ ಎಂಬುದು ನಿಜ. ಆದರೆ ಹದಿನೈದು ಮಕ್ಕಳಿಗೆ ಒಬ್ಬರೇ ಇದ್ದರೆ ಯೋಚಿಸಬೇಕಾದದ್ದೇ.

ಎಲ್ಲಕ್ಕಿಂತ ಮುಖ್ಯವಾದದ್ದು ವೈಯಕ್ತಿಕ ಶಿಕ್ಷಣ ಯೋಜನೆ. ಅಮೆರಿಕದಲ್ಲಿ 1975ರ ಕಾನೂನಿನಿಂದ ಕಡ್ಡಾಯವಾದ ಈ ಪದ್ಧತಿ ನಮ್ಮ ಒಳ್ಳೆಯ ಶಾಲೆಗಳಲ್ಲಿಯೂ ಇದೆ. ಮಗು ಈಗ ಏನು ಮಾಡಬಲ್ಲುದು, ಮುಂದಿನ ಮೂರು ತಿಂಗಳಲ್ಲಿ ಏನನ್ನು ಕಲಿಸುತ್ತೇವೆ, ಕಲಿತಿತೆಂದು ಹೇಗೆ ತಿಳಿಯುತ್ತೇವೆ ಎಂಬುದನ್ನು ಬರೆದಿಡುವುದೇ ಯೋಜನೆ. “ಮಗು ಸುಧಾರಿಸುತ್ತಿದೆ” ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. “ಅಂಗಿಯ ನಾಲ್ಕು ಗುಂಡಿಗಳಲ್ಲಿ ಎರಡನ್ನು ತಾನೇ ಹಾಕಿಕೊಳ್ಳುವುದು”, “ನೀರು ಬೇಕೆಂದು ಚಿತ್ರ ತೋರಿಸಿ ಕೇಳುವುದು” ಎಂದು ಬರೆದಿದ್ದರೆ ಅದು ಯೋಜನೆ. ಆ ಹಾಳೆಯ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ, ಮನೆಯಲ್ಲಿಯೂ ಅದನ್ನೇ ಅಭ್ಯಾಸ ಮಾಡಿಸಿ. ತಂದೆ ಗಲ್ಫ್‌ನಲ್ಲಿದ್ದರೆ ಫೋಟೊ ತೆಗೆದು ಕಳಿಸಿ. ದುಡ್ಡು ಕಳಿಸುವವರಿಗೂ ಮಗು ಏನು ಕಲಿಯುತ್ತಿದೆ ಎಂದು ತಿಳಿದಿರಬೇಕು.

ಮಗುವಿಗೆ ಫಿಟ್ಸ್ ಬರುತ್ತಿದ್ದರೆ ಶಾಲೆಯಿಂದ ಮುಚ್ಚಿಡಬೇಡಿ. ಸೇರಿಸಿಕೊಳ್ಳುವುದಿಲ್ಲವೆಂಬ ಅಂಜಿಕೆಯಿಂದ ಮುಚ್ಚಿಟ್ಟು, ಶಾಲೆಯಲ್ಲಿ ಫಿಟ್ಸ್ ಬಂದಾಗ ಬಾಯಿಗೆ ಚಮಚ ತುರುಕಿದರೆ, ಕೈಗೆ ಬೀಗದ ಕೈ ಕೊಟ್ಟು ಕಾದರೆ ಅಪಾಯ ಮಗುವಿಗೇ. ಪಕ್ಕಕ್ಕೆ ಮಲಗಿಸುವುದು, ಬಿಗಿ ಬಟ್ಟೆ ಸಡಿಲಿಸುವುದು, ಬಾಯಿಗೆ ಏನೂ ಹಾಕದಿರುವುದು, ಐದು ನಿಮಿಷಕ್ಕಿಂತ ಹೆಚ್ಚು ಮುಂದುವರಿದರೆ ತಕ್ಷಣ ಆಸ್ಪತ್ರೆಗೆ ಒಯ್ಯುವುದು ಎಂದು ಬರೆದು ಶಿಕ್ಷಕಿಗೆ ಕೊಡಿ. ಶಾಲೆಗೆ ಬೇಗ ಹೊರಡುವ ಗಡಿಬಿಡಿಯಲ್ಲಿ ಬೆಳಗಿನ ಮಾತ್ರೆ ತಪ್ಪದಿರಲಿ.

ದುಡ್ಡಿನ ವಿಷಯಕ್ಕೂ ಒಂದು ಮಾತು. ಆಟಿಸಂ ವಾಸಿ ಮಾಡುತ್ತೇವೆಂದು ಸ್ಟೆಮ್ ಸೆಲ್ ಚುಚ್ಚುಮದ್ದಿಗೆ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಅದು ಆಟಿಸಂಗೆ ಒಪ್ಪಿತ ಚಿಕಿತ್ಸೆಯಲ್ಲ. ಬಂಗಾರ ಅಡವಿಟ್ಟು ಅದಕ್ಕೆ ಸುರಿಯುವ ಹಣದಲ್ಲಿ ವರ್ಷಗಟ್ಟಲೆ ಮಾತಿನ ತರಬೇತಿ ಕೊಡಿಸಬಹುದು.

ಕಾಗದಪತ್ರಗಳು

ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಗುರುತಿನ ಚೀಟಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯ ತಜ್ಞರ ಮುಂದೆ ಹಾಜರಾಗಬೇಕು. ಚೀಟಿ ಇಡೀ ದೇಶಕ್ಕೆ ಒಂದೇ. ತಲಪಾಡಿ ದಾಟಿ ಮಂಜೇಶ್ವರ ಕಡೆ ನೆಲೆಸಿದ ಕನ್ನಡ ಕುಟುಂಬಗಳು ಚೀಟಿ ಅದೇ ಆದರೂ ಶಾಲೆ, ಪಿಂಚಣಿಗೆ ಕೇರಳದ ವ್ಯವಸ್ಥೆಯನ್ನೇ ಆಶ್ರಯಿಸಬೇಕು. ಅಲ್ಲಿ ಸ್ಥಳೀಯ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿವೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಮಾತ್ರ ಮಗುವಿಗೆ ಎಂಟು ವರ್ಷವಾಗುವವರೆಗೆ ಕಾಯಬೇಕು. ಅದಕ್ಕಿಂತ ಮುಂಚೆ ಓದುವುದರಲ್ಲಿ ಹಿಂದಿರುವುದು ಬರಿಯ ವಯಸ್ಸಿನ ವ್ಯತ್ಯಾಸವೂ ಆಗಿರಬಹುದು. ನೆರವು ಕೊಡಲು ಪ್ರಮಾಣಪತ್ರಕ್ಕೆ ಕಾಯಬೇಕಾಗಿಲ್ಲ.

ಈ ಪತ್ರದ ಬೆಲೆ ತಿಳಿಯುವುದು ಎಸ್‌ಎಸ್‌ಎಲ್‌ಸಿ ಹೊತ್ತಿಗೆ. ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಮುಂತಾದವುಗಳಿಗೆ 2016ರ ಕಾಯ್ದೆಯಲ್ಲಿಯೇ ಆಧಾರವಿದೆ. ಮೂರು ಭಾಷೆಗಳ ಭಾರದಲ್ಲಿ ಕುಸಿಯುವ ಮಗುವಿಗೆ ಇದು ದೊಡ್ಡ ಉಪಕಾರ. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡುವ ಬದಲು ಎಂಟನೇ ತರಗತಿಯಲ್ಲಿಯೇ ಮುಖ್ಯೋಪಾಧ್ಯಾಯರೊಡನೆ ಮಾತಾಡಿ. ಈ ದಾರಿಯೂ ಕಷ್ಟವೆನಿಸಿದರೆ 14 ವರ್ಷವಾದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ, ವಿಷಯಗಳನ್ನು ಆರಿಸಿಕೊಂಡು, ಒಂದೊಂದಾಗಿ ಪರೀಕ್ಷೆ ಬರೆಯಬಹುದು.

ಬೌದ್ಧಿಕ ಕೊರತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯವಿರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಿರಾಮಯ ಎಂಬ ಒಂದು ಲಕ್ಷ ರೂಪಾಯಿಯವರೆಗಿನ ಆರೋಗ್ಯ ವಿಮೆಯಿದೆ. ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲಿದೆ. ಇದೇ ಕಾಯ್ದೆಯ ಇನ್ನೊಂದು ಅಂಶ ಹೆತ್ತವರಿಗೆ ತಡವಾಗಿ ಗೊತ್ತಾಗುತ್ತದೆ. ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ಅದು ವಯಸ್ಕ. ಬ್ಯಾಂಕಿನಲ್ಲಿ, ಆಸ್ತಿಯ ಪತ್ರದಲ್ಲಿ ನಿಮ್ಮ ಸಹಿ ತಾನಾಗಿ ನಡೆಯುವುದಿಲ್ಲ. ಅಗತ್ಯವಿದ್ದರೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಕಾನೂನುಬದ್ಧ ಪೋಷಕತ್ವ ಪಡೆಯಬೇಕು. ಒಂದನೇ ತರಗತಿಗೆ ಸೇರಿಸುವ ದಿನ ಇದು ಬಹಳ ದೂರದ ಮಾತೆನಿಸಬಹುದು. ಇಂದಿನ ಆಸ್ಪತ್ರೆ ಚೀಟಿ, ಪರೀಕ್ಷಾ ವರದಿ, ಶಾಲೆಯ ಯೋಜನೆಯ ಹಾಳೆ ಎಲ್ಲವನ್ನೂ ಒಂದೇ ಕಡತದಲ್ಲಿ, ಮಳೆಯ ತೇವ ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಅಂದು ಸಮಿತಿ ಕೇಳುವುದೂ ಇವುಗಳನ್ನೇ.